ಚಿತ್ರದ ಕೋಣೆಗೊಂದು ಬಲ್ಬು

ಮನೆಯಲ್ಲಿ ಕೂತು ಚಿತ್ರ ಬರೆಯುವವರ ಮರ್ಯಾದೆ ತೆಗೆಯಲು ವಿಮರ್ಶಕರು ಬೇಕಾಗಿಲ್ಲ, ಒಂದು ಕಿಟಕಿ ಮತ್ತು ಒಂದು ಬಲ್ಬು ಸಾಕು. ನನ್ನ ಮರ್ಯಾದೆ ಹೀಗೆ ಕಂತು ಕಂತಾಗಿ ಹೋಗುತ್ತಲೇ ಇರುತ್ತದೆ. ಹೋದಷ್ಟೂ ಇನ್ನೂ ಸ್ವಲ್ಪ ಉಳಿದಿರುತ್ತದಲ್ಲ, ಅದೇ ನನಗೆ ಆಶ್ಚರ್ಯ.

ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಟೀಚರಾಗಿದ್ದೆ. "ಬೆಳಕು ಯಾವ ಕಡೆಯಿಂದ ಬರ್ತಿದೆ ಮೊದ್ಲು ನೋಡ್ರೋ, ಆಮೇಲೆ ಪೆನ್ಸಿಲ್ ಹಿಡೀರಿ" ಎಂದು ಲೆಕ್ಕವಿಲ್ಲದಷ್ಟು ಮಕ್ಕಳನ್ನು ಗದರಿದ್ದೇನೆ. ನಿವೃತ್ತಿಯಾದ ಮೇಲೆ ಗೋಪಾಳದ ನಮ್ಮ ಮನೆಯ ಹಿಂದಿನ ಕೋಣೆಯಿಂದ ಅಕ್ಕಿ ಡಬ್ಬ, ಇಸ್ತ್ರಿ ಟೇಬಲ್ಲು, ನಮ್ಮನೆಯವರ ಹಳೇ ಪೇಪರಿನ ರಾಶಿ ಎಲ್ಲವನ್ನೂ ಹೊರಗೆ ಹಾಕಿ, ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟು ಕೂತೆ. ಮಕ್ಕಳಿಗೆ ಅಷ್ಟು ವರ್ಷ ಹೇಳಿಕೊಟ್ಟ ಆ ಒಂದು ವಿಷಯ ನನಗೇ ಗೊತ್ತಿರಲಿಲ್ಲ ಎಂದು ತಿಳಿದದ್ದು ಆಗ.

ಕಪ್ಪಾಗೇ ಬರೀರಿ

ಒಂದು ಬೆಳಿಗ್ಗೆ ಭದ್ರಾವತಿಯಿಂದ ಒಬ್ಬರು ಬಂದರು. ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ, ಕಬ್ಬಿಣ ಕರಗಿಸುವ ಕುಲುಮೆಯ ಮುಂದೆ ಆಯಸ್ಸು ಸವೆಸಿ ನಿವೃತ್ತರಾದವರು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ದೊಡ್ಡ ಫೋಟೋ ಇತ್ತು. ಬಿಚ್ಚಿ ನನ್ನ ಮುಂದೆ ಹಿಡಿದರು.

"ಟೀಚರಮ್ಮ, ಇದು ನನ್ನ ಹೆಂಡ್ತಿ ಫೋಟೋ. ಆದ್ರೆ ಇದು ನನ್ನ ಹೆಂಡ್ತಿ ಅಲ್ಲ."

ನಾನು ಬಾಗಿಲ ಮೇಲಿನ ಕೈ ತೆಗೆಯಲಿಲ್ಲ. ಬೇಕಾದರೆ ಮುಚ್ಚಲು ಅನುಕೂಲವಾಗಲಿ ಎಂದು.

"ಅವಳು ಹೋಗಿ ಹತ್ತು ತಿಂಗಳಾಯ್ತು. ಫೋಟೋ ದೊಡ್ಡದು ಮಾಡಿಕೊಡಿ ಅಂತ ಸ್ಟುಡಿಯೋದವರಿಗೆ ಕೊಟ್ರೆ ಬೆಳ್ಳಗೂ ಮಾಡಿಕೊಟ್ರು. ನಾನು ಕೇಳಿರಲೇ ಇಲ್ಲ. ನನ್ನ ಹೆಂಡ್ತಿ ಕಪ್ಪು. ನೀವು ಕಪ್ಪಾಗೇ ಬರೀರಿ."

ನನ್ನ ಹತ್ತಿರ ಚಿತ್ರ ಬರೆಸಲು ಬಂದವರಲ್ಲಿ 'ಸ್ವಲ್ಪ ಬೆಳ್ಳಗೆ ಮಾಡಿ' ಎನ್ನದವರೇ ಇಲ್ಲ. ಕೃಷ್ಣನ ಚಿತ್ರ ಬರೆಸಿ, ಕೃಷ್ಣನನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಎಂದವರಿದ್ದಾರೆ. ಹಾಗಿರುವಾಗ ಇವರೊಬ್ಬರು ಭದ್ರಾವತಿಯಿಂದ ಬಸ್ಸು ಹತ್ತಿ ಬಂದು ಕಪ್ಪು ಬಣ್ಣ ಕೇಳುತ್ತಿದ್ದಾರೆ.

"ಇನ್ನೆರಡು ತಿಂಗಳಿಗೆ ವರ್ಷದ ಕಾರ್ಯ. ನೆಂಟರೆಲ್ಲ ಬರ್ತಾರೆ. ಈ ಬೆಳ್ಳಗಿನ ಹೆಂಗಸಿಗೆ ಹಾರ ಹಾಕಿ ಕೈ ಮುಗಿ ಅಂದ್ರೆ, ನಾನು ಯಾರಿಗೆ ಮುಗಿದ ಹಾಗಾಯ್ತು, ಹೇಳಿ" ಎಂದರು. ಆಮೇಲೆ ಫೋನಿನಲ್ಲಿದ್ದ ಮೂಲ ಫೋಟೋ ತೋರಿಸಿದರು. ಮೊಮ್ಮಗುವಿನ ನಾಮಕರಣದ ದಿನ ತೆಗೆದದ್ದು. ಆಕೆ ಚಾಪೆಯ ಮೇಲೆ ಕೂತಿದ್ದಾರೆ, ಹುಬ್ಬು ಗಂಟಿಕ್ಕಿ ಮೇಲೆ ಏನನ್ನೋ ದುರುಗುಟ್ಟಿ ನೋಡುತ್ತಿದ್ದಾರೆ.

"ನಗ್ತಾ ಇರೋ ಫೋಟೋ ಒಂದೂ ಇಲ್ವಾ?"

"ಇವೆ. ಅದರಲ್ಲೆಲ್ಲ ಫೋಟೋಕ್ಕೆ ಅಂತ ಕೂತಿದ್ದಾಳೆ. ಇದೊಂದರಲ್ಲೇ ಅವಳು ಅವಳ ಹಾಗಿರೋದು. ಫೋನೂ ಬಣ್ಣ ತಿಳಿ ಮಾಡಿದೆ, ಅದನ್ನ ನಂಬಬೇಡಿ. ಮುಖಭಾವ ಮಾತ್ರ ಇದೇ ಇರಲಿ."

"ಯಾರನ್ನ ಹೀಗೆ ಗದರ್ತಿದ್ದಾರೆ?"

ಅವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಗೊತ್ತಿಲ್ಲ. ನನ್ನನ್ನಲ್ಲ ಅಂತ ಮಾತ್ರ ಗೊತ್ತು. ನನ್ನನ್ನ ಗದರುವಾಗ ಮೇಲೆ ನೋಡ್ತಿರಲಿಲ್ಲ, ನೇರ ನೋಡ್ತಿದ್ಲು."

ಪಕ್ಕದ ಮನೆಯ ಗೋಡೆ

ಚಿತ್ರ ಬರೆಯುವ ಕೋಣೆಗೆ ಉತ್ತರದ ಕಿಟಕಿ ಇರಬೇಕು ಎನ್ನುತ್ತಾರೆ. ಬಹುಪಾಲು ಆ ಕಡೆಯಿಂದ ಬಿಸಿಲು ನೇರವಾಗಿ ಒಳಗೆ ಬರುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ಬೆಳಕು ಹೆಚ್ಚು ಬದಲಾಗುವುದಿಲ್ಲ. ನನ್ನ ಕೋಣೆಗೆ ಉತ್ತರದ ಕಿಟಕಿಯೇ ಇತ್ತು. ಅದಕ್ಕೆ ನಾನು ಕಾರಣಳಲ್ಲ, ಆದರೂ ಬಂದವರಿಗೆಲ್ಲ ನಾನೇ ದಿಕ್ಕು ನೋಡಿ ಮನೆ ಕಟ್ಟಿಸಿದವಳ ಹಾಗೆ ಹೇಳಿಕೊಳ್ಳುತ್ತಿದ್ದೆ.

ಕಿಟಕಿಯ ಆಚೆ ಮೂರಡಿ ಸಂದಿ, ಸಂದಿಯ ಆಚೆ ಪಕ್ಕದ ಮನೆಯ ಗೋಡೆ. ಗೋಡೆ ಬೆಳ್ಳಗಿದ್ದಷ್ಟು ದಿನ ನನಗೆ ಗೋಡೆ ಇದೆಯೆಂದೇ ಗೊತ್ತಿರಲಿಲ್ಲ. ನಾನು ಭದ್ರಾವತಿಯ ಅಮ್ಮನ ಚಿತ್ರ ಶುರು ಮಾಡಿದ ವಾರವೇ ಪಕ್ಕದ ಮನೆಯಾಕೆ, ಮಗಳ ನಿಶ್ಚಿತಾರ್ಥ ಬಂತು ಎಂದು ಮನೆಗೆಲ್ಲ ಗಿಳಿಹಸಿರು ಬಣ್ಣ ಹೊಡೆಸಿದಳು.

ನಾನು ಚಿತ್ರದಲ್ಲಿ ಮುಳುಗಿದ್ದೆ. ಮುಖ ಯಾಕೋ ಪಾಚಿಗಟ್ಟಿದ ಹಾಗೆ ಕಾಣುತ್ತಿತ್ತು. ಸ್ವಲ್ಪ ಕೆಂಪು ಸೇರಿಸಿದೆ. ಆದರೂ ಪಾಚಿ. ಇನ್ನಷ್ಟು ಕೆಂಪು. ನಾಲ್ಕು ದಿನ ಹಾಗೆಯೇ ಕೆಂಪು ಸುರಿದು, ಸರಿಹೋಯಿತು ಎನಿಸಿದ ಮೇಲೆ ಅವರಿಗೆ ಫೋನ್ ಮಾಡಿದೆ.

ಅವರು ಬಂದವರೇ ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೇಟಿನ ಹತ್ತಿರ ಬಿಸಿಲಿಗೆ ನಡೆದರು. ನಾನು ಹಿಂದೆಯೇ ಓಡಿದೆ. ಬಿಸಿಲಲ್ಲಿ ನೋಡಿದರೆ ಆಯಮ್ಮನ ಮುಖ ಕುಂಕುಮದ ಬಟ್ಟಲಿನ ಹಾಗೆ ನಿಗಿನಿಗಿ ಎನ್ನುತ್ತಿದೆ.

"ಟೀಚರಮ್ಮ, ಕುಲುಮೆ ಮುಂದೆ ನಿಲ್ತಿದ್ದವನು ನಾನು. ಇವಳಲ್ಲ."

ಅವರು ಹೋದ ಮೇಲೆ ಬುದ್ಧಿ ಬಂದು ಕಿಟಕಿಯಾಚೆ ನೋಡಿದೆ. ಗೋಡೆಯ ಹಸಿರು ಕೋಣೆಯ ತುಂಬ ಚೆಲ್ಲಿತ್ತು. ಆ ಹಸಿರನ್ನು ಸರಿಮಾಡಲು ನಾನು ಕೆಂಪು ಹಚ್ಚಿದ್ದೆ. ಕೋಪ ಬಂತು. ಸೀದಾ ಪಕ್ಕದ ಮನೆಗೆ ಹೋಗಿ, ನನ್ನ ಕಿಟಕಿಯ ಎದುರಿಗೆ ಬರುವಷ್ಟು ಜಾಗಕ್ಕಾದರೂ ಬಿಳಿ ಹೊಡೆಸುತ್ತೀಯಾ ಎಂದು ಕೇಳಿದೆ.

"ಎಂತ ಮಾರಾಯ್ತಿ, ನಿನ್ನ ಚಿತ್ರ ಕೆಟ್ಟಿದ್ದಕ್ಕೆ ನಮ್ಮ ಗೋಡೆ ಮೇಲೆ ದೂರಾ?" ಎಂದು ಅವಳು ನನ್ನ ಜೊತೆಗೇ ಬಂದಳು. ನನ್ನ ಕೋಣೆಯೊಳಗೆ ನಿಂತು ಕಿಟಕಿಯಲ್ಲಿ ಕಾಣುವ ಗೋಡೆಯನ್ನು ನೋಡಿದಳು. ಅವಳ ಕಣ್ಣು ಅರಳಿತು.

"ಅಯ್ಯೋ, ಎಷ್ಟು ಚಂದ ಬಂದಿದೆ! ನಮ್ಮನೆ ಒಳಗಿಂದ ನಮಗೆ ಈ ಗೋಡೆ ಕಾಣೋದೇ ಇಲ್ಲ ಕಣೇ. ದಿನಾ ನೋಡೋ ಪುಣ್ಯ ನಿನ್ನದು."

ಜ್ವರದ ಮೇಲೆ ಚಳಿ

ಗೋಡೆಯ ಸಹವಾಸವೇ ಬೇಡ ಎಂದು ಕಿಟಕಿ ಮುಚ್ಚಿದೆ. ದೇವರ ಮನೆಯ ಹಳದಿ ಬಲ್ಬನ್ನು ತಂದು ಕೋಣೆಯಲ್ಲಿ ಸಿಕ್ಕಿಸಿದೆ. ಆ ಬೆಳಕಿನಲ್ಲಿ ಕೂತರೆ ನಾನೇ ಹತ್ತು ವರ್ಷ ಚಿಕ್ಕವಳಾಗಿ ಕಂಡೆ. ಇದು ಒಳ್ಳೆಯ ಬೆಳಕು ಎಂದು ತೀರ್ಮಾನಿಸಲು ನನಗೆ ಬೇರೆ ಕಾರಣ ಬೇಕಾಗಲಿಲ್ಲ.

ಚಿತ್ರ ಮಾತ್ರ ಹಳದಿ ಹಳದಿಯಾಗಿ, ಅರಿಶಿನ ಶಾಸ್ತ್ರಕ್ಕೆ ಕೂತ ಹಾಗೆ ಕಾಣುತ್ತಿತ್ತು. ಅದನ್ನು ತಗ್ಗಿಸಲು ನೀಲಿ ಬೆರೆಸಿದೆ. ಮೊದಲ ಸಲ ಹಸಿರಿಗೆ ಕೆಂಪು ಹಚ್ಚಿ ಕೆಟ್ಟವಳು, ಈ ಸಲ ಹಳದಿಗೆ ನೀಲಿ ಹಚ್ಚುತ್ತಿದ್ದೇನೆ ಎಂದು ಆಗ ಹೊಳೆಯಲಿಲ್ಲ. ನಮ್ಮ ತಪ್ಪು ಬೇರೆ ಬಣ್ಣದ ಸೀರೆ ಉಟ್ಟು ಬಂದರೆ ನಮಗೆ ಗುರುತೇ ಸಿಗುವುದಿಲ್ಲ.

ಅವರು ಬಂದರು. ಮತ್ತೆ ಗೇಟು, ಮತ್ತೆ ಬಿಸಿಲು. ಆಯಮ್ಮನ ತುಟಿ ನೇರಳೆ ಹಣ್ಣು ತಿಂದ ಹಾಗಿತ್ತು, ಕೆನ್ನೆಯಲ್ಲಿ ನೀಲಿ ಆಡುತ್ತಿತ್ತು.

ಅವರು ಮೆಲ್ಲಗೆ ಹೇಳಿದರು: "ಹೋದ ಸಲ ಜ್ವರ, ಈ ಸಲ ಚಳಿ. ನನ್ನ ಹೆಂಡ್ತಿ ಹೋಗಿದ್ದು ಮಲೇರಿಯಾದಿಂದ ಅಲ್ಲ ಟೀಚರಮ್ಮ."

ಮ್ಯಾಚಿಂಗ್ ಬಲ್ಬು

ಗಾಂಧಿ ಬಜಾರಿನ ಎಲೆಕ್ಟ್ರಿಕ್ ಅಂಗಡಿಗೆ ಹೋದೆ. "ಚಿತ್ರಕ್ಕೆ ಒಂದು ಒಳ್ಳೆ ಬಲ್ಬ್ ಕೊಡಿ" ಎಂದೆ.

ಅಂಗಡಿಯವರು ಒಂದು ಕ್ಷಣವೂ ತಡಮಾಡದೆ ಕೆಂಪು ಝೀರೋ ಬಲ್ಬು ತೆಗೆದಿಟ್ಟರು. "ಫೋಟೋ ಮೇಲೆ ಹಾಕಕ್ಕೆ ತಾನೇ ಮೇಡಂ? ಎಲ್ಲರೂ ಇದೇ ತಗೊಂಡು ಹೋಗೋದು. ಯಾರು ಹೋಗಿದ್ದು?"

ಯಾರೂ ಹೋಗಿಲ್ಲ, ನಾನು ಚಿತ್ರ ಬರೆಯುವವಳು ಎಂದು ಬಿಡಿಸಿ ಹೇಳಿದೆ. ಅವರು ನನ್ನನ್ನು ಕೂರಿಸಿ ಬಲ್ಬಿನ ಡಬ್ಬಿಗಳನ್ನು ಜೋಡಿಸಿದರು. ಡಬ್ಬಿಯ ಮೇಲೆ ಎರಡು ಅಂಕಿ ನೋಡಬೇಕಂತೆ. ಬೆಳಕು ಹಳದಿಯೋ ಬಿಳಿಯೋ ಎಂದು ಒಂದು ಹೇಳುತ್ತದೆ. ಅದು ಐದು ಸಾವಿರದ ಆಸುಪಾಸಿದ್ದರೆ ಹಗಲಿಗೆ ಹತ್ತಿರ. ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂದು ಇನ್ನೊಂದು ಹೇಳುತ್ತದೆ. ಅದು ತೊಂಬತ್ತು ದಾಟಿರಬೇಕು. ಬೆಳಕಿಗೂ ಮಾರ್ಕ್ಸ್ ಕಾರ್ಡ್ ಇದೆ ಎಂದು ಟೀಚರಾದ ನನಗೆ ಗೊತ್ತಿರಲಿಲ್ಲ.

ನಾನು ಬ್ಯಾಗಿನಿಂದ ಬಣ್ಣ ಬಳಿದ ರಟ್ಟು ತೆಗೆದು ಒಂದೊಂದೇ ಬಲ್ಬಿನ ಕೆಳಗೆ ಹಿಡಿದೆ. ಆಮೇಲೆ ಅಂಗಡಿಯ ಬಾಗಿಲಿಗೆ ಹೋಗಿ ಹಗಲಲ್ಲಿ ನೋಡಿದೆ. ಮತ್ತೆ ಒಳಗೆ, ಮತ್ತೆ ಬಾಗಿಲಿಗೆ. ಹಾಗೆ ಓಡಾಡುವಾಗ ನನಗೆ ನನ್ನ ಮೇಲೇ ನಗು ಬಂತು. ಸೀರೆ ಅಂಗಡಿಯಲ್ಲಿ ನಾನು ಮಾಡುತ್ತಾ ಬಂದಿರುವುದೇ ಇದು. ಅಲ್ಲಿನ ಲೈಟು ನಂಬದೆ ಸೀರೆಯನ್ನು ಬಾಗಿಲ ಬೆಳಕಿಗೆ ತಂದು ನೋಡದೆ ಒಂದು ಸೀರೆಯನ್ನೂ ಕೊಂಡವಳಲ್ಲ. ನೂರಾರು ಸೀರೆಗೆ ಮಾಡಿದ ಆ ಮರ್ಯಾದೆಯನ್ನು ಒಂದು ಮುಖಕ್ಕೆ ಮಾಡಿರಲಿಲ್ಲ.

ನನ್ನ ಓಡಾಟವನ್ನು ಗಿರಾಕಿಯೊಬ್ಬಳು, ಅದೇ ಬೀದಿಯ ಟೈಲರು, ನೋಡುತ್ತಿದ್ದಳು. ಕೈಯಲ್ಲಿ ಒಂದು ಸೀರೆ, ನಾಲ್ಕು ಬ್ಲೌಸ್ ಪೀಸು. "ಈ ಬಲ್ಬಲ್ಲಿ ಬಣ್ಣ ಬದಲಾಗಲ್ವಾ?" ಎಂದಳು. ಇಲ್ಲ ಎಂದೆ. ಸೀರೆ, ಬ್ಲೌಸ್ ಪೀಸು ಎರಡನ್ನೂ ಬಲ್ಬಿನ ಕೆಳಗೆ ಹಿಡಿದಳು, ಬಾಗಿಲಿಗೆ ಓಡಿದಳು, ಬಂದು ಎರಡು ಬಲ್ಬು ಕೊಂಡಳು. ಹದಿನೈದು ದಿನ ಬಿಟ್ಟು ಇನ್ನೊಂದು ಬಲ್ಬು ಬೇಕೆಂದು ಹೋದರೆ ಅಂಗಡಿಯವರು ಕೈ ಅಲ್ಲಾಡಿಸಿದರು.

"ಖಾಲಿ ಮೇಡಂ. ಬೀದಿಯ ಟೈಲರುಗಳೆಲ್ಲ ಬಂದು ಮ್ಯಾಚಿಂಗ್ ಬಲ್ಬ್ ಕೊಡಿ ಅಂತ ತಗೊಂಡು ಹೋದ್ರು. ನಿಮಗೆ ಬೇಕಾದ್ರೆ ಕೆಂಪು ಝೀರೋ ಇದೆ."

ನೀಲಿ ಗಾಜು

ಮೊದಲ ಸಲವೇ ಒಂದು ಬಲ್ಬು ಕೊಂಡಿದ್ದೆನಲ್ಲ, ಅದನ್ನು ಕೋಣೆಯಲ್ಲಿ ಎಡಗಡೆ, ಮೇಲೆ, ಸ್ವಲ್ಪ ಹಿಂದಕ್ಕೆ ಕಟ್ಟಿದೆ. ಮುಂದೆ ಕಟ್ಟಿದರೆ ಹಸಿ ಬಣ್ಣ ಫಳಫಳ ಹೊಳೆದು ಏನೂ ಕಾಣುವುದಿಲ್ಲ. ಕಿಟಕಿಗೆ ನಮ್ಮನೆಯವರ ಬಿಳಿ ಪಂಚೆ ಇಳಿಬಿಟ್ಟೆ. ಅವರು ಎರಡು ದಿನ ಪಂಚೆ ಹುಡುಕಿ, ಮೂರನೇ ದಿನ ಕಿಟಕಿಯಲ್ಲಿ ಕಂಡು, ಪ್ಯಾಂಟು ಹಾಕಿಕೊಂಡು ಹೋದರು.

ಭದ್ರಾವತಿಯವರು ಬಲ್ಬು ನೋಡಲೆಂದೇ ಬಂದರು. ನಾನು ಹೊಸದಾಗಿ ಕಲಿತ ಪಾಠ ಒಪ್ಪಿಸಿದೆ. "ನೋಡಿ, ಹಳದಿ ಬೆಳಕು ಬಿಸಿ ಬೆಳಕು. ಬಿಳಿ ಬೆಳಕು ತಣ್ಣನೆಯದು. ಇದು ಎರಡಕ್ಕೂ ನಡುವೆ."

ಅವರು ನನ್ನ ಮುಖವನ್ನು ಕನಿಕರದಿಂದ ನೋಡಿದರು. "ಉಲ್ಟಾ ಹೇಳ್ತಿದ್ದೀರ. ಕಬ್ಬಿಣ ಮೊದಲು ಕೆಂಪಗಾಗುತ್ತೆ, ಆಮೇಲೆ ಹಳದಿ. ಬೆಳ್ಳಗಾದಾಗ್ಲೇ ಜಾಸ್ತಿ ಬಿಸಿ. ಬೆಳ್ಳಗಿದ್ದ ಕಬ್ಬಿಣ ತಣ್ಣಗಿದೆ ಅಂತ ಮುಟ್ಟಕ್ಕೆ ಹೋಗ್ಬೇಡಿ ಮತ್ತೆ."

ಜೇಬಿನಿಂದ ಒಂದು ತುಂಡು ಕಡುನೀಲಿ ಗಾಜು ತೆಗೆದರು. ಕುಲುಮೆಯೊಳಗಿನ ಬೆಂಕಿಯನ್ನು ಅದರ ಮೂಲಕವೇ ನೋಡುವುದಂತೆ, ಕಣ್ಣು ಹಾಳಾಗದ ಹಾಗೆ. ಅದನ್ನು ಕಣ್ಣಿಗೆ ಹಿಡಿದು ನನ್ನ ಬಲ್ಬು ಪರೀಕ್ಷಿಸಿದರು. ಅದೇ ಹೊತ್ತಿಗೆ ಕಾಫಿ ತಂದ ನಮ್ಮನೆಯವರು, ಗ್ರಹಣ ನೋಡುವ ಹಾಗೆ ನಿಂತ ಮನುಷ್ಯನನ್ನು ಕಂಡು, "ಬಲ್ಬಿಗೂ ಗ್ರಹಣ ಹಿಡಿದಿದ್ಯಾ?" ಎಂದು ಕೇಳಿದರು.

ಕಾಫಿ ಕುಡಿಯುತ್ತಾ ನಾನು ಮುಖ್ಯವಾದ ಮಾತಿಗೆ ಬಂದೆ. "ಬೆಳಕು ಸರಿಹೋಯ್ತು. ಈಗ ಹೇಳಿ, ಅವರ ಬಣ್ಣ ನಿಜವಾಗಿ ಹೇಗಿತ್ತು? ಕಾಫಿಬೀಜದ ಹಾಗಾ? ಬೆಲ್ಲದ ಹಾಗಾ?"

ಅವರು ಲೋಟ ಕೆಳಗಿಟ್ಟರು. "ಅದೇ ಟೀಚರಮ್ಮ ಗೊತ್ತಾಗ್ತಿಲ್ಲ. ಮೊದಲನೇ ಶಿಫ್ಟಿಗೆ ಹೊರಡುವಾಗ ಇನ್ನೂ ಕತ್ತಲೆ. ಎರಡನೇ ಶಿಫ್ಟಿಂದ ಬರುವಾಗ ಕತ್ತಲೆ. ಹಗಲು ಮನೇಲಿದ್ರೂ, ಭಾನುವಾರವೂ ಮಲಗಿರ್ತಿದ್ದೆ. ಬೆಂಕಿ ಬಣ್ಣ ನೋಡಿ ಕಬ್ಬಿಣ ಹದಕ್ಕೆ ಬಂತಾ ಇಲ್ವಾ ಹೇಳ್ತಿದ್ದೆ, ಒಂದು ದಿನ ತಪ್ಪಲಿಲ್ಲ. ಅವಳನ್ನ ಹಗಲಲ್ಲಿ ಕೂರಿಸಿಕೊಂಡು ನೋಡಲೇ ಇಲ್ಲ. ಇದಲ್ಲ ಅಂತ ಹೇಳ್ತೀನಿ. ಇದೇ ಅಂತ ಹೇಳಕ್ಕೆ ಬರ್ತಿಲ್ಲ."

ನನಗೆ ಸಂಕಟವಾಯಿತು. ಎರಡು ಸಲ ಚಿತ್ರ ಒಪ್ಪದೆ ಹೋದರೆಂದು ಒಳಗೊಳಗೇ ಅವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ನಮ್ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅವರ ಬಣ್ಣ ನನಗೆ ಸರಿಯಾಗಿ ಗೊತ್ತೇ ಎಂದು ಆ ಕ್ಷಣ ಅನುಮಾನ ಬಂತು. ತಿರುಗಿ ನೋಡಿದೆ. "ಏನು? ಇನ್ನೊಂದು ಪಂಚೆ ಬೇಕಾ?" ಎಂದರು.

"ಮಗಳು ಇದ್ದಾಳೆ" ಎಂದರು ಭದ್ರಾವತಿಯವರು ಇದ್ದಕ್ಕಿದ್ದ ಹಾಗೆ. "ಅವಳದ್ದು ಅಮ್ಮನ ಬಣ್ಣವೇ ಅಂತ ಎಲ್ಲರೂ ಹೇಳ್ತಾರೆ." ಎದ್ದು ಹೊರಟವರು ಹೋಗುವಾಗ ಕೋಣೆಯ ಸ್ವಿಚ್ಚು ಆರಿಸಿದರು. ನಾನು ಒಳಗೇ ಇದ್ದೆ, ಕೈಯಲ್ಲಿ ಬ್ರಶ್ಶೂ ಇತ್ತು. "ಅಯ್ಯೋ, ತಪ್ಪಾಯ್ತು" ಎಂದು ಮತ್ತೆ ಹಾಕಿದರು. "ಅಭ್ಯಾಸ ಟೀಚರಮ್ಮ. ನಮ್ಮನೇಲಿ ಹಾಗೇ."

ಎರಡು ದಿನದ ಮೇಲೆ ಮಗಳು ಬಂದು ಬಲ್ಬಿನ ಕೆಳಗೆ ಕೂತಳು. ನಾನು ಅವಳ ಮುಖ ನೋಡುತ್ತಾ ಬಣ್ಣ ಕಲೆಸಲು ಶುರು ಮಾಡಿದೆ. ಅವಳು ನಾಚಿಕೊಂಡು ತೋಳು ಮುಂದೆ ಚಾಚಿದಳು.

"ಮುಖ ನೋಡ್ಬೇಡಿ ಮೇಡಂ, ಮುಖಕ್ಕೆ ಕ್ರೀಮ್ ಹಾಕಿದೀನಿ. ಅಮ್ಮ ಇಲ್ಲಿದ್ದಾಳೆ, ಕೈ ನೋಡಿ."

ನಮ್ಮಿಬ್ಬರಿಗೂ ಜಗಳ

ವರ್ಷದ ಕಾರ್ಯದ ಬೆಳಿಗ್ಗೆ ಚಿತ್ರ ತೆಗೆದುಕೊಂಡು ಭದ್ರಾವತಿಗೆ ಹೋದೆ. ಒಪ್ಪಿಗೆ ಇನ್ನೂ ಸಿಕ್ಕಿರಲಿಲ್ಲ. ಮೂರನೇ ಸಲ ಗೇಟಿನ ಬಿಸಿಲಲ್ಲಿ ನೋಡಿ ಅವರು ಸರಿ ಎಂದೂ ಅಂದಿರಲಿಲ್ಲ, ತಪ್ಪು ಎಂದೂ ಅಂದಿರಲಿಲ್ಲ. "ಗೋಡೆ ಮೇಲೆ ಹಾಕಿ ನೋಡಣ" ಎಂದು ಮಾತ್ರ ಹೇಳಿದ್ದರು. ಒಪ್ಪದಿದ್ದರೆ ಇವತ್ತು ಹಾರ ಬೀಳುವುದು ಆ ಬೆಳ್ಳಗಿನ ಫೋಟೋಕ್ಕೇ. ಅದು ಹಾಲಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕಾಯುತ್ತಿತ್ತು.

ಹಾಲಿನಲ್ಲಿ ಬೆಳಕು ಸ್ವಲ್ಪ ಮಬ್ಬು. ಅವರ ಮಗಳು ಅದನ್ನು ಮೊದಲೇ ಹೇಳಿದ್ದರಿಂದ ನನ್ನ ಕೋಣೆಯ ಬಲ್ಬನ್ನೇ ಬಿಚ್ಚಿ, ಉದ್ದ ಕತ್ತಿನ ಹೋಲ್ಡರಿನ ಜೊತೆ ತಂದಿದ್ದೆ. ಯಾವ ಬೆಳಕಲ್ಲಿ ಬರೆದೆನೋ ಅದೇ ಬೆಳಕಲ್ಲಿ ನೋಡಲಿ ಎಂದು. ಅವರ ಅಳಿಯ ಸ್ಟೂಲು ಹತ್ತಿ ಚಿತ್ರವನ್ನು ಮೊಳೆಗೆ ಹಾಕಿದ. ಅದರ ಮೇಲ್ಗಡೆ, ಒಂದಡಿ ಮುಂದಕ್ಕೆ ಬಾಗುವ ಹಾಗೆ ಬಲ್ಬು ಕಟ್ಟಿದ. ನೆಂಟರೆಲ್ಲ ಚಾಪೆಯ ಮೇಲೆ ಕೂತಿದ್ದರು. ಆಯಮ್ಮನ ಯಜಮಾನರು ಎದುರಿಗೆ ಒಂದು ಕುರ್ಚಿಯಲ್ಲಿ, ಕೈ ಮೊಣಕಾಲಿನ ಮೇಲಿಟ್ಟು ಕೂತಿದ್ದರು. ಮಕ್ಕಳ ಪರೀಕ್ಷೆಯಲ್ಲಿ ಮೇಲ್ವಿಚಾರಣೆ ಮಾಡಿದವಳಿಗೆ ಪರೀಕ್ಷೆ ಬರೆಯುವುದು ಏನೆಂದು ಮರೆತುಹೋಗಿತ್ತು.

ಅಳಿಯ ಸ್ವಿಚ್ಚು ಹಾಕಿದ.

ಬಣ್ಣ ಕೂತಿತ್ತು, ಅದು ನನಗೂ ಕಾಣಿಸಿತು. ಆದರೆ ಎಲ್ಲರೂ ನೋಡುತ್ತಿದ್ದದ್ದು ಬಣ್ಣವನ್ನಲ್ಲ. ಚಿತ್ರದಲ್ಲಿ ಆಯಮ್ಮ ಹುಬ್ಬು ಗಂಟಿಕ್ಕಿ ಮೇಲೆ ನೋಡುತ್ತಿದ್ದರಲ್ಲ, ಆ ನೋಟ ಈಗ ಸೀದಾ ಉರಿಯುವ ಬಲ್ಬಿಗೆ ಹೋಗಿ ಮುಟ್ಟಿತ್ತು. ಹಗಲು ಹನ್ನೊಂದು ಗಂಟೆಗೆ ತಮ್ಮ ಮನೆಯಲ್ಲಿ ಲೈಟು ಉರಿಸಿದವರು ಯಾರು ಎಂದು ಅವರು ಬಲ್ಬನ್ನೇ ದುರುಗುಟ್ಟಿ ಕೇಳುತ್ತಿದ್ದರು.

ಮಗಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಪ್ಪಾ, ನಾಮಕರಣದ ದಿನ ಹಾಲಿನ ಲೈಟು! ಯಾರೋ ಹಗಲಲ್ಲೇ ಹಾಕಿಬಿಟ್ಟಿದ್ರು. ಅಮ್ಮ ಅದನ್ನೇ ನೋಡ್ತಿದ್ದಿದ್ದು!"

ಅವಳ ಮಾತು ಮುಗಿಯುವ ಮೊದಲೇ ಅವರು ಕುರ್ಚಿಯಿಂದ ಎದ್ದಾಗಿತ್ತು. ಆ ವಯಸ್ಸಿನಲ್ಲಿ, ಕೂತ ನೆಂಟರ ಕಾಲು ದಾಟಿಕೊಂಡು, ಒಂದೇ ಉಸಿರಿಗೆ ಸ್ವಿಚ್ಚಿನ ಹತ್ತಿರ ಹೋದರು.

"ಆರಿಸ್ದೆ ಮಾರಾಯ್ತಿ, ಆರಿಸ್ದೆ. ನಾನು ಹಾಕಿದ್ದಲ್ಲ, ನಿನ್ನ ಅಳಿಯ ಹಾಕಿದ್ದು!"

ಟಪ್ ಎಂದು ಲೈಟು ಹೋಯಿತು. ಯಾರೋ ಕಿಟಕಿ ತೆರೆದರು. ಕಿಟಕಿಯ ಬೆಳಕಲ್ಲಿ ಅವರು ಹೆಂಡತಿಯ ಮುಂದೆ ನಿಂತರು. ಈ ಸಲ ಇವಳಲ್ಲ ಎನ್ನಲಿಲ್ಲ. ಹಾರ ತರಲು ಹೇಳಿದರು. ಹಾಲಿನಲ್ಲಿದ್ದವರೆಲ್ಲ ಅತ್ತರೋ ನಕ್ಕರೋ ನನಗೆ ಸರಿಯಾಗಿ ಹೇಳಲಾಗುವುದಿಲ್ಲ, ನಾನು ಎರಡನ್ನೂ ಮಾಡುತ್ತಿದ್ದೆ.

ಊಟ ಮುಗಿಸಿ ಹೊರಟಾಗ ಅವರು ಬಸ್ ಸ್ಟಾಪಿನವರೆಗೆ ಬಂದರು. ನನ್ನ ಬಲ್ಬನ್ನು ಬಿಚ್ಚಿ, ಪೇಪರಿನಲ್ಲಿ ಜೋಪಾನವಾಗಿ ಸುತ್ತಿ ತಂದಿದ್ದರು. ಅದನ್ನು ನನ್ನ ಕೈಗಿಟ್ಟರು.

"ಬಲ್ಬು ಚೆನ್ನಾಗಿದೆ ಟೀಚರಮ್ಮ, ಬಣ್ಣ ಬರೋಬರ್ ತೋರಿಸುತ್ತೆ. ಆದ್ರೆ ನೀವೇ ಇಟ್ಕೊಳ್ಳಿ. ಇದು ನಮ್ಮನೇಲಿದ್ರೆ ನಮ್ಮಿಬ್ಬರಿಗೂ ದಿನಾ ಜಗಳ."